ನೋಡದೆ ಉಳಿದ ನಾಲ್ಕು ಕಂತು

ಮಾರ್ಚ್ 4, 2024, ಸೋಮವಾರ

ತೂಕ 49.6. ಡಯಾಲಿಸಿಸ್ ಆದ ಮೇಲೆ 47.4. ಬಿಪಿ 160/100.

ಹೆಂಡತಿ ವಿಜಯಶ್ರೀಯ ತೂಕ, ಬಿಪಿ ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಈ ಪುಸ್ತಕ. ಅವಳ ಎರಡೂ ಕಿಡ್ನಿ ಕೈಕೊಟ್ಟು ಏಳು ತಿಂಗಳಾಯಿತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ನಾಲ್ಕು ತಾಸು ಮಷೀನು ಅವಳ ರಕ್ತ ತೊಳೆಯುತ್ತದೆ. ಅವಳನ್ನು ಮನೆಗೆ ಬಿಟ್ಟು ಮಧ್ಯಾಹ್ನದ ಪಾಳಿಗೆ ಮುದ್ದೇಬಿಹಾಳ ಬಸ್ ಸ್ಟ್ಯಾಂಡಿಗೆ ಹೋಗಿ ಮೈಕಿನ ಮುಂದೆ ಕೂರುತ್ತೇನೆ. ಸಿಂದಗಿ, ಇಂಡಿ, ತಾಳಿಕೋಟಿ, ಬಸವನ ಬಾಗೇವಾಡಿ. ಹೇಳಿ ಹೇಳಿ ಅವು ಈಗ ಊರುಗಳ ಹೆಸರಿನ ಹಾಗೆ ಕೇಳುವುದೇ ಇಲ್ಲ.

ಇವತ್ತು ಓಣಿಯ ಕೇಬಲ್ ನೋಡಿಕೊಳ್ಳುವ ಮೈಬೂಬ ಬಂದು ಟಿವಿಗೆ ಇಂಟರ್‌ನೆಟ್ ಜೋಡಿಸಿಕೊಟ್ಟ. "ಏನ್ ಹಚ್ಚಲಿರಿ ಟೀಚರ್, ದೇವ್ರದ್ದೋ ನಗೂದೋ?" ಎಂದು ಕೇಳಿದ. ವಿಜಯಶ್ರೀ ಹಾಸಿಗೆಯಲ್ಲಿದ್ದುಕೊಂಡೇ, "ಖೂನಿದ್ದು ಹಚ್ಚಪಾ" ಎಂದಳು. ಮೈಬೂಬ ನನ್ನ ಮುಖ ನೋಡಿದ.

ಮಾರ್ಚ್ 9, ಶನಿವಾರ

ತೂಕ 48.8. ಬಿಪಿ 150/90.

ಅವಳು ಆರಿಸಿಕೊಂಡ ಧಾರಾವಾಹಿಯ ಹೆಸರು "ಕಪ್ಪು ದಂಡೆ". ಯಾವುದೋ ಚಳಿ ದೇಶದ್ದು, ಮಾತುಗಳನ್ನು ಕನ್ನಡಕ್ಕೆ ಮಾಡಿದ್ದಾರೆ. ಮೂವತ್ತು ಕಂತು. ಒಂದು ಗಣಿ ಊರು, ಪಕ್ಕದಲ್ಲಿ ಹೆಪ್ಪುಗಟ್ಟಿದ ಕೆರೆ, ಹಗಲಿನಲ್ಲೂ ಮಬ್ಬು. ಗಣಿಯಲ್ಲಿ ದುಡಿಯುವವನೊಬ್ಬ ಕಾಣೆಯಾಗಿದ್ದಾನೆ. ಅವನ ಅಣ್ಣ ದಿನಾ ಬ್ಯಾಟರಿ ಹಿಡಿದು ಹುಡುಕುತ್ತಾನೆ. ತನಿಖೆಗೆ ಬಂದ ಪೊಲೀಸ್ ಹೆಂಗಸಿಗೆ ನಿದ್ದೆ ಬರುವುದಿಲ್ಲ. ಒಬ್ಬರೂ ನಗುವುದಿಲ್ಲ.

ಡಯಾಲಿಸಿಸ್ ಇಲ್ಲದ ದಿನ ನನಗೆ ಬೆಳಗಿನ ಪಾಳಿ. ಸಂಜೆ ಮನೆಗೆ ಬಂದರೆ ಇದನ್ನು ನೋಡಲು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಅರ್ಧಕ್ಕೆ ಅವಳಿಗೆ ನಿದ್ದೆ ಬರುತ್ತದೆ, ಮುಂದಿನ ಸಲ ಅದನ್ನೇ ಮತ್ತೆ ಮೊದಲಿನಿಂದ. ಇವತ್ತು ಆ ಪೊಲೀಸ್ ಹೆಂಗಸು, "ದಯವಿಟ್ಟು ಸತ್ಯವನ್ನು ನುಡಿಯಿರಿ ಮಹಾಶಯರೇ" ಎಂದಳು. "ಇಷ್ಟ ಮೆತ್ತಗ ಕೇಳಿದ್ರ ನಮ್ಮ ಸಾಲಿ ಹುಡುಗ್ರೂ ಹೇಳಂಗಿಲ್ಲ" ಎಂದಳು ವಿಜಯಶ್ರೀ. ಹದಿನೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ಈಗ ರಜೆಯ ಮೇಲಿದ್ದಾಳೆ.

ನನಗೆ ಆ ಮಬ್ಬು ನೋಡಿದರೆ ತಲೆ ನೋಯುತ್ತದೆ.

ಮಾರ್ಚ್ 13, ಬುಧವಾರ

ತೂಕ 50.1. ಆದ ಮೇಲೆ 47.6. ಸೆಳೆತಕ್ಕೆ ತನ್ನ ಕಾಲು ಹಿಡಿದುಕೊಂಡು ಅತ್ತಳು. ಸಾಕಾಗಿದೆ.

ಮಾರ್ಚ್ 24, ಭಾನುವಾರ

ತೂಕ 49. ಬಿಪಿ 150/100.

ಇಂಡಿಯಿಂದ ವಿಜಯಶ್ರೀಯ ಅಕ್ಕ ಯಶೋಧಾ ಬಂದಿದ್ದರು. ಒಂದು ಚೀಲ ಲಿಂಬೆಹಣ್ಣು ತಂದಿದ್ದರು. ತಂಗಿಗೆ ಲಿಂಬೆ ವರ್ಜ್ಯ ಎಂದು ಅವರಿಗೆ ನೆನಪಿಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಕಿಡ್ನಿ ಕೊಡಲು ಬರುವುದಿಲ್ಲ. ಆ ಸಂಕಟಕ್ಕೋ ಏನೋ, ಇದ್ದಷ್ಟು ಹೊತ್ತೂ "ಏನೂ ಆಗಂಗಿಲ್ಲ ತಗೋ, ದೀಪಾವಳಿ ಅನ್ನೂದ್ರಾಗ ಎದ್ದು ಓಡ್ಯಾಡ್ತಿ" ಎಂದು ಹೇಳುತ್ತಲೇ ಇದ್ದರು. ವಿಜಯಶ್ರೀ ತಲೆ ಆಡಿಸಿದಳು.

ಅವರು ಹೋದ ಮೇಲೆ ನಾನು ಕೇಳಿಯೇಬಿಟ್ಟೆ. "ಜಡ್ಡಾದವ್ರು ಇಂಥಾ ಹೆಣಾ ರಕ್ತಾ ನೋಡ್ತಾರೇನು? ಏನರೆ ಛಲೋದು ನೋಡಬಾರದಾ?"

"ಅಕ್ಕ ಬಂದ್ರ ಆರಾಮ ಆಗತಿ ಅಂತಾಳ. ನರ್ಸ್ ಅಂತಾಳ, ಮೈಬೂಬ ಅಂತಾನ, ನೀವೂ ಅಂತೀರಿ" ಎಂದಳು. "ಇದರಾಗ ಯಾರೂ ಹಂಗ ಅನ್ನಂಗಿಲ್ಲ. ಕೆಟ್ಟದ್ದು ಆಗೇತಿ ಅಂದ್ರ ಆಗೇತಿ ಅಂತಾರ. ಅದನ್ನ ಕೇಳಿದ್ರ ನನಗ ಒಂದೀಟು ಉಸರಾಡಿದಂಗ ಆಕೈತಿ."

ಕಿಡ್ನಿ ಕೊಡಲು ಆಗುತ್ತದೋ ಎಂದು ಹೋದ ವಾರ ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ ನನ್ನ ರಕ್ತ ಕೊಟ್ಟು ಬಂದಿದ್ದೇವೆ. ಫಲಿತಾಂಶ ಇನ್ನೂ ಬಂದಿಲ್ಲ.

ಏಪ್ರಿಲ್ 6, ಶನಿವಾರ

ಬೆಳಗಾವಿಗೆ ಹೋಗಿ ಬಂದೆವು. ನನ್ನದು ಹೊಂದುವುದಿಲ್ಲ ಎಂದಾಯಿತು. ತೂಕ ನೋಡಲಿಲ್ಲ. ಬಹಳ ದಣಿವು.

ಏಪ್ರಿಲ್ 14, ಭಾನುವಾರ

ಜಯಂತಿ. ಪ್ರತಿ ವರ್ಷ ಮೆರವಣಿಗೆಯಲ್ಲಿ ಮುಂದೆ ನಾನೇ ಇರುತ್ತಿದ್ದೆ. ಈ ಸಲ ಬೆಳಿಗ್ಗೆ ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕಿ, ಮೋಂಬತ್ತಿ ಹಚ್ಚಿ ಮನೆಯಲ್ಲೇ ಉಳಿದೆ. ಹೆಂಡತಿಯನ್ನು ಬಿಟ್ಟು ಹೇಗೆ ಬಂದಾನು ಎಂದು ಎಲ್ಲರೂ ನನ್ನ ಬಗ್ಗೆ ಒಳ್ಳೆಯ ಮಾತು ಆಡಿದರಂತೆ.

ಸಂಜೆ ಹನ್ನೊಂದನೆಯ ಕಂತು. ಆ ಅಣ್ಣ ಹಿಮದಲ್ಲಿ ತಮ್ಮನ ಹೆಸರು ಹಿಡಿದು ಕೂಗುತ್ತ ಹೋಗುತ್ತಾನೆ. ಊರ ಜನ ಅವನ ಹೆಗಲ ಮೇಲೆ ಕೈ ಇಡುತ್ತಾರೆ. ವಿಜಯಶ್ರೀ ದಿಂಬಿಗೆ ಒರಗಿದ್ದವಳು ಎದ್ದು ಕುಳಿತು, "ಇವಂಗ ಎಲ್ಲಾ ಗೊತ್ತೈತಿ ನೋಡ್ರಿ. ಖರೇನ ಹುಡಕಾವ ಹಿಂಗ ಎಲ್ಲಾರಿಗೂ ಕಾಣೂವಂಗ ಹುಡಕಂಗಿಲ್ಲ" ಎಂದಳು. ನೀರು ಕುಡಿಯುವ ನೆಪದಲ್ಲಿ ಒಳಗೆ ಎದ್ದು ಹೋದೆ.

ಈ ಪುಸ್ತಕವನ್ನು ಅವಳು ನೋಡುವುದಿಲ್ಲ. ಇಲ್ಲಾದರೂ ನಿಜ ಬರೆಯುತ್ತೇನೆ.

ನನ್ನದು ಹೊಂದಿದೆ. ಏಪ್ರಿಲ್ ಆರರಂದು ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ರಕ್ತವೂ ಹೊಂದಿದೆ, ಉಳಿದದ್ದೂ ಹೊಂದಿದೆ ಎಂದರು. ಆಮೇಲೆ, "ನಿಮಗ ಮನಸ್ಸು ಐತೇನ್ರಿ?" ಎಂದು ಕೇಳಿದರು. ಅವರೇ ಹೇಳಿದರು, ಒತ್ತಾಯ ಇಲ್ಲ, ಬೇಡ ಎಂದರೆ ಹೊಂದಲಿಲ್ಲ ಎಂದು ಹೊರಗೆ ಹೇಳುತ್ತೇವೆ, ಕಾರಣ ಯಾರಿಗೂ ತಿಳಿಯುವುದಿಲ್ಲ, ಇದು ಎಲ್ಲ ಕಡೆಯೂ ಇರುವ ಪದ್ಧತಿ ಎಂದು. ನಾನು ತಲೆ ತಗ್ಗಿಸಿದೆ. ಅಷ್ಟೇ ಮಾಡಿದ್ದು. ಹೊರಗೆ ಬೆಂಚಿನ ಮೇಲಿದ್ದ ವಿಜಯಶ್ರೀ ನನ್ನ ಮುಖ ನೋಡಿ, "ಹೋಗ್ಲಿ ಬಿಡ್ರಿ, ನಿಮ್ಮ ಕೈಯಾಗ ಏನೈತಿ" ಎಂದಳು.

1999ರಲ್ಲಿ ನಮ್ಮ ಅಣ್ಣ ಮಾನಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಅರ್ಧ ತಾಸಿನ ಕೆಲಸ ಎಂದಿದ್ದರು. ಹೊರಗೆ ನಾನಿದ್ದೆ. ಮೂರು ತಾಸಿನ ಮೇಲೆ ಒಬ್ಬರು ಬಂದು ಅವನ ಚಪ್ಪಲಿ ಮತ್ತು ವಾಚು ನನ್ನ ಕೈಗೆ ಕೊಟ್ಟರು. ಆಪರೇಷನ್ ಎಂದರೆ ಇವತ್ತಿಗೂ ನನಗೆ ಆ ವಾಚಿನ ಭಾರವೇ ಕೈಗೆ ಬರುತ್ತದೆ. ಇದು ಕಾರಣ. ಇದಕ್ಕೆ ಕ್ಷಮೆ ಇದೆಯೋ ಇಲ್ಲವೋ ತಿಳಿಯದು.

ಏಪ್ರಿಲ್ 29, ಸೋಮವಾರ

ತೂಕ 49.9. ಆದ ಮೇಲೆ 47.

ಹೊರಗೆ ಕಾಲಿಡಲಾಗದ ಬಿಸಿಲು. ಮೈಕಿನಲ್ಲಿ ಸಿಂದಗಿ ಬಸ್ಸನ್ನು ಇಂಡಿ ಬಸ್ ಎಂದು ಕೂಗಿದೆ. ಹೂವಿನ ಹಿಪ್ಪರಗಿಯ ಮುದುಕಿಯೊಬ್ಬಳು ಏನನ್ನೂ ಓದಲು ಬಾರದೆ ನನ್ನ ಮಾತು ನಂಬಿ ತಪ್ಪು ಬಸ್ ಹತ್ತಿದ್ದಳು. ಓಡಿ ಹೋಗಿ ಇಳಿಸಿದೆ. "ನಿನ್ನ ಮಾತು ಕೇಳಿ ಹತ್ತಿದ್ನೆಪಾ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೇ 12, ಭಾನುವಾರ

ಪ್ರಿಯದರ್ಶಿನಿ ನಿನ್ನೆ ವಿಜಯಪುರದ ಹಾಸ್ಟೆಲಿನಿಂದ ಬಂದಿದ್ದಾಳೆ. ಪರೀಕ್ಷೆ ಮುಗಿದಿದೆ. ಮಗಳಿಗೆ ಇಪ್ಪತ್ತು ತುಂಬಿದ್ದು ಹೋದ ತಿಂಗಳು.

ಊಟದ ಹೊತ್ತಿಗೆ, ತಟ್ಟೆಯಲ್ಲಿ ಕೈ ಇಟ್ಟುಕೊಂಡೇ, "ಪಪ್ಪಾ, ಮಮ್ಮಿಗೆ ನಾ ಕೊಡ್ತೀನಿ. ನಂದೂ ಬಿ ಪಾಸಿಟಿವ್ ಐತಿ. ಟೆಸ್ಟ್ ಮಾಡಸೂಣು" ಎಂದಳು.

ವಿಜಯಶ್ರೀ, "ಬಾಯಿ ಮುಚ್ಚು, ಉಣ್ಣು" ಎಂದಳು.

"ಪಪ್ಪಾಂದು ಹೊಂದಲಿಲ್ಲ, ದೊಡ್ಡವ್ವಂದು ಆಗಂಗಿಲ್ಲ. ಇನ್ನ ಉಳದಾಕಿ ನಾನ ಅಲ್ಲೇನು?"

ಅವ್ವ ಮಗಳು ಒಂದು ತಾಸು ಜಗಳ ಮಾಡಿದರು. ಇಬ್ಬರೂ ಅತ್ತರು. ಕೊನೆಗೆ ಬರೀ ರಕ್ತ ಪರೀಕ್ಷೆ, ಆಮೇಲೆ ನೋಡೋಣ ಎಂಬಲ್ಲಿಗೆ ಬಂತು. ಇಪ್ಪತ್ತೈದಕ್ಕೆ ವಿಜಯಪುರದ ಲ್ಯಾಬಿಗೆ ಹೋಗುವುದು. ಅಷ್ಟು ಹೊತ್ತೂ ನಾನು ರೊಟ್ಟಿ ಮುರಿಯುತ್ತ ಕುಳಿತಿದ್ದೆ. ಮಗಳು ನನ್ನ ಬೆನ್ನ ಮೇಲೆ ಕೈ ಆಡಿಸಿ, "ನೀವು ಮನಸ್ಸಿಗೆ ಹಚಗೋಬ್ಯಾಡ್ರಿ ಪಪ್ಪಾ" ಎಂದಳು.

ಮೇ 16, ಗುರುವಾರ

ಹೇಳಬೇಕು.

ಮೇ 21, ಮಂಗಳವಾರ

ಹೇಳಲಿಲ್ಲ. ಇಪ್ಪತ್ತಾರನೆಯ ಕಂತು ಮುಗಿಯಿತು. ಪೊಲೀಸ್ ಹೆಂಗಸು ಆ ಅಣ್ಣನ ಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಅವನು ಅವಳಿಗೆ ಬೆನ್ನು ಮಾಡಿ ಚಹಾ ಕಾಸುತ್ತಾನೆ. ಅಲ್ಲಿಗೆ ನಿಲ್ಲಿಸಿದ್ದಾರೆ.

ಮೇ 25, ಶನಿವಾರ

ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ.

ಮೂವರೂ ಏಳೂವರೆಯ ಬಸ್ಸಿಗೆ ಹೊರಟೆವು. ಬಸವನ ಬಾಗೇವಾಡಿಯಲ್ಲಿ ಇಳಿದು ವಿಜಯಪುರದ ಬಸ್ಸಿಗೆ ಕಾಯುತ್ತಿದ್ದೆವು. ಪ್ರಿಯಾ ಚಹಾ ತರಲು ಹೋದಳು. ಅವಳು ತೊಟ್ಟಿದ್ದು ತೆಳು ಹಳದಿ ಚೂಡಿದಾರ. ನಡೆಯುವಾಗ ಬೆನ್ನು, ಪಕ್ಕೆ ಎಷ್ಟು ಸಣ್ಣದಾಗಿ ಕಂಡವೆಂದರೆ ಅದರಲ್ಲಿ ತೆಗೆಯಲು ಜಾಗವೇ ಇಲ್ಲ ಅನಿಸಿತು.

"ವಿಜಯಾ, ಈಕಿನ್ನ ಕರ್ಕೊಂಡು ಹೋಗೂದು ಬ್ಯಾಡ" ಎಂದೆ.

"ಇಲ್ಲೀತನ ಬಂದು ಏನ್ರಿ ಇದು?"

"ನಂದು ಹೊಂದೇತಿ."

ಅವಳಿಗೆ ತಿಳಿಯಲಿಲ್ಲ. ಬೆಳಗಾವಿಯಿಂದ ಮತ್ತೆ ಫೋನ್ ಬಂದಿದೆ ಎಂದುಕೊಂಡು ಅವಳ ಮುಖ ಒಂದು ಕ್ಷಣ ಅರಳಿತು. ಅದನ್ನು ನೋಡಲು ಆಗಲಿಲ್ಲ. ಬಸ್ಸುಗಳ ಕಡೆ ನೋಡುತ್ತ ಎಲ್ಲವನ್ನೂ ಹೇಳಿದೆ. ಡಾಕ್ಟರು ಕೇಳಿದ್ದು, ನಾನು ತಲೆ ತಗ್ಗಿಸಿದ್ದು, ಅಣ್ಣನ ನೆನಪಾಗಿ ಅಂಜಿದ್ದು.

ಅವಳು ಪ್ರಿಯಾ ಹೋದ ಕಡೆಗೆ ನೋಡಿದಳು. ಆಮೇಲೆ ಮೆಲ್ಲಗೆ, "ಮಗಳ ಹೊಟ್ಟಿ ಕೊಯ್ಸಾಕ ಕರ್ಕೊಂಡು ಹೊಂಟಿದ್ದೆಲ್ಲೋ ನೀ" ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನನ್ನು "ನೀ" ಅಂದದ್ದು ಇದೇ ಮೊದಲು.

ಪ್ರಿಯಾ ಮೂರು ಕಪ್ಪು ಹಿಡಿದು ಬಂದು, "ಏನಾತು?" ಎಂದಳು. ವಿಜಯಶ್ರೀ, "ನನಗ ಆಗವಲ್ದು. ಹೊಳ್ಳಿ ಊರಿಗಿ ಹೋಗೂಣು" ಎಂದಳು. ಮಗಳ ಮುಂದೆ ನನ್ನ ಮಾನ ಉಳಿಸಿದಳು. ಬಸ್ಸಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ನಾನು ಹಿಂದೆ.

ಮೇ 27, ಸೋಮವಾರ

ನಾನು ಸಿದ್ಧವಾಗುವ ಮೊದಲೇ ಮಗಳನ್ನು ಕರೆದುಕೊಂಡು ಆಟೋದಲ್ಲಿ ಡಯಾಲಿಸಿಸ್‌ಗೆ ಹೋಗಿಬಿಟ್ಟಳು. ತೂಕ ಎಷ್ಟೆಂದು ಕೇಳುವ ಧೈರ್ಯವಾಗಲಿಲ್ಲ.

ಜೂನ್ 1, ಶನಿವಾರ

ಸಂಜೆ ಬಂದಾಗ ಟಿವಿ ನಡೆದಿತ್ತು. ಪಕ್ಕದಲ್ಲಿ ಕುಳಿತೆ. ಅವಳು ಟಿವಿ ಆರಿಸಿ ಗೋಡೆಯ ಕಡೆ ತಿರುಗಿ ಮಲಗಿದಳು. ಉಳಿದಿದ್ದ ನಾಲ್ಕೂ ಕಂತುಗಳನ್ನು ನಾನು ಡ್ಯೂಟಿಯಲ್ಲಿದ್ದಾಗ ನೋಡಿ ಮುಗಿಸಿದ್ದಾಳೆ ಎಂದು ಪ್ರಿಯಾ ಹೇಳಿದಳು. "ನಿಮ್ಮನ್ನ ಬಿಟ್ಟು ಯಾಕ ನೋಡಿದ್ಲು ಪಪ್ಪಾ? ಜಗಳಾಡೀರೇನು?"

ಒಬ್ಬನೇ ನೋಡಬಹುದಿತ್ತು. ರಿಮೋಟು ಕೈಯಲ್ಲಿ ಹಿಡಿದು ಹಾಗೇ ಇಟ್ಟೆ.

ಜೂನ್ 8, ಶನಿವಾರ

ಪ್ರಿಯಾಗೆ ನಾನೇ ಹೇಳಿದೆ. ಬಟ್ಟೆ ಒಣಹಾಕುತ್ತಿದ್ದಳು. ಕೇಳಿ, ಉಳಿದ ಬಟ್ಟೆಯನ್ನೂ ಹಾಕಿ ಮುಗಿಸಿ ಒಳಗೆ ಹೋದಳು. ಮಧ್ಯಾಹ್ನ ನನಗೆ ಊಟ ಬಡಿಸಿದಳು, ಆದರೆ ಪಕ್ಕದಲ್ಲಿ ಕೂರಲಿಲ್ಲ.

ಸಂಜೆ ವಿಜಯಶ್ರೀ ತಾನಾಗಿ ಮಾತಾಡಿದಳು.

"ನೀ ಅಂಜಿದ್ದಕ್ಕ ಸಿಟ್ಟಿಲ್ಲ ನನಗ. ಕೊಡ್ತೇನಿ ಅಂತ ನೀ ಅಂದಿದ್ರ ನಾ ಬ್ಯಾಡ ಅಂತಿದ್ದೆ. ಎರಡು ಸಲ ಬ್ಯಾಡ ಅಂತಿದ್ದೆ. ಮೂರನೇ ಸಲ ಹೂಂ ಅಂತಿದ್ದೆ. ಇಲ್ಲಾ ಅನ್ನದನೂ ಇರ್ತಿದ್ದೆ. ಅದನ್ನ ನಾ ಅನ್ನಬೇಕಿತ್ತು. ಅನ್ನಾಕ ಬಿಡಲಿಲ್ಲ ನೀ."

"ತಪ್ಪಾತು" ಎಂದೆ.

"ಹೌದು, ತಪ್ಪಾತು" ಎಂದಳು.

ಜೂನ್ 16, ಭಾನುವಾರ

ಸಿಂದಗಿಯಲ್ಲಿ ಅವಳ ಕಾಕಾ ರಾವಸಾಬರ ಮಗನ ಮದುವೆ. ಬೇಡವೆಂದರೂ ಕೇಳಲಿಲ್ಲ, ಮಂದಿ ನೋಡಿ ಬಹಳ ದಿನವಾಯಿತು ಎಂದಳು. ಬುದ್ಧವಂದನೆ ಮುಗಿದು ಅಕ್ಕಿ ಹಾಕಿದ ಮೇಲೆ ಎರಡು ತುತ್ತು ಅನ್ನ ತಿಂದು ಹೊರಟೆವು.

ಬಸ್ಸಿನಲ್ಲಿ ಜಾಗ ಇದ್ದದ್ದು ಒಂದೇ ಸೀಟಿನಲ್ಲಿ. ದೇವರ ಹಿಪ್ಪರಗಿ ದಾಟುವವರೆಗೆ ಕಿಟಕಿಯಲ್ಲಿ ನೋಡುತ್ತಿದ್ದಳು. ಮಳೆ ಬಿದ್ದು ಎರೆಹೊಲ ಕಪ್ಪಗೆ ಒಡೆದುಕೊಂಡಿತ್ತು, ತೊಗರಿ ಬಿತ್ತುತ್ತಿದ್ದರು. ಆಮೇಲೆ ನಾನು ಕೇಳದೆಯೇ ಶುರು ಮಾಡಿದಳು.

"ಆಕಿ ಒಳಗ ಬಂದ್ಲು. ಚಾ ಕುಡದ್ಲು. ಏನೂ ಕೇಳಲಿಲ್ಲ. ಹಿಂಗ ಸುಮ್ಮ ಕುಂತ್ಲು ನೋಡು, ಸಾಲ್ಯಾಗ ನಾ ಕುಂದರ್ತಿದ್ನೆಲ್ಲ ಹಂಗ. ಆಗ ಅವಾ ತಾನ ಬಾಯಿ ಬಿಟ್ಟ."

ನಾಲ್ಕು ಕಂತುಗಳನ್ನೂ ಹೇಳಿದಳು. ಆ ಹಿಮದ ಊರು ಅವಳ ಬಾಯಲ್ಲಿ ನಮ್ಮ ಕಡೆಯ ಊರೇ ಆಗಿಬಿಟ್ಟಿತ್ತು. ಗಣಿಯ ಸಾಹುಕಾರ ನಮ್ಮ ಕಡೆಯ ಗೌಡನ ಹಾಗೆ ಗದರಿದ, ಸತ್ತವನ ತಾಯಿ ಉಡಿಯೊಡ್ಡಿ ಅತ್ತಳು. ಅಣ್ಣ ತಮ್ಮನನ್ನು ಕೊಂದಿರಲಿಲ್ಲ. ಕೆರೆಯ ಮೇಲೆ ನಡೆಯುವಾಗ ಮಂಜುಗಡ್ಡೆ ಒಡೆದು ತಮ್ಮ ಬಿದ್ದಿದ್ದ. ಕೈ ಚಾಚಿದರೆ ಸಿಗುವಷ್ಟು ದೂರ. ತಾನೂ ಬಿದ್ದೇನೆಂದು ಅಣ್ಣ ಓಡಿದ್ದ. ಓಡಿದ್ದನ್ನು ಹೇಳಲಾಗದೆ ಒಂದು ವರ್ಷ ಹುಡುಕಿದ್ದ.

"ಅವಾ ಕೆಟ್ಟಾವೇನು?" ಎಂದು ಕೇಳಿದೆ.

"ಕೆಟ್ಟಾವಲ್ಲ. ಅಂಜಬುರಕ. ಆದ್ರ ನೀರಾಗ ಬಿದ್ದಾವ್ಗ ಎರಡೂ ಒಂದ."

ಕಂಡಕ್ಟರ್ ಬಂದ. ಇಲಾಖೆಯವನೆಂದು ನನ್ನ ಗುರುತು ಹಿಡಿದು ನಕ್ಕ. ನಾನೂ ನಗಲು ನೋಡಿದೆ. ಮುದ್ದೇಬಿಹಾಳ ಬರುವಷ್ಟರಲ್ಲಿ ಅವಳು ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಮಾಡಿದ್ದಳು. ದಣಿವಿನಿಂದ, ಬೇರೇನಿಲ್ಲ. ಆದರೂ ಅಲುಗದೆ ಕುಳಿತೆ.

ಜುಲೈ 7, ಭಾನುವಾರ

ಬೆಳಗಾವಿಗೆ ಫೋನ್ ಮಾಡಿದ್ದೆ. ಇನ್ನೂ ಪರೀಕ್ಷೆಗಳಿವೆ, ಬನ್ನಿ ಎಂದಿದ್ದಾರೆ. ಅವಳಿಗೆ ಹೇಳಿದೆ. ನನ್ನ ಅಂಜಿಕೆ ಹೋಗಿಲ್ಲ, ಅದು ಹೋದ ಮೇಲೆ ಕೊಡುತ್ತೇನೆಂದು ಕಾಯುತ್ತ ಕುಳಿತರೆ ಯಾವತ್ತೂ ಆಗುವುದಿಲ್ಲ ಎಂದೂ ಹೇಳಿದೆ.

"ಬ್ಯಾಡ" ಎಂದಳು.

ಜುಲೈ 9, ಮಂಗಳವಾರ

ಮತ್ತೆ ಕೇಳಿದೆ. "ಬ್ಯಾಡ ಅಂದ್ನೆಲ್ಲ" ಎಂದಳು.

ಜುಲೈ 14, ಭಾನುವಾರ

ಇವತ್ತು ಅಕ್ಕಿ ಆರಿಸುತ್ತಿದ್ದಳು. ಮೂರನೆಯ ಸಲ ಕೇಳಿದೆ. ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

"ಅಂಜಬ್ಯಾಡ ಅಂತ ನಾ ಹೇಳಂಗಿಲ್ಲ. ಅಂಜಕೋತನ ಕೊಡು. ನಾನೂ ಅಂಜಕೋತನ ಇಸಗೋತೀನಿ."

ಮತ್ತೆ ಮೊರ ಎತ್ತಿಕೊಂಡಳು.

ಆಗಸ್ಟ್ 20, ಮಂಗಳವಾರ

ದವಾಖಾನೆಯ ಸಮಿತಿಯ ಮುಂದೆ ಕೂರಿಸಿದರು. ಮೇಜಿನ ಆಚೆ ಐದು ಜನ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಮೊದಲೇಕೆ ಹಿಂದೆ ಸರಿದಿರಿ ಎಂದರು. ಅಂಜಿದ್ದೆ ಎಂದೆ. ಈಗ? ಈಗಲೂ ಅಂಜಿಕೆ ಇದೆ ಎಂದೆ. ಒಬ್ಬ ಹೆಂಗಸು ಏನೋ ಬರೆದುಕೊಂಡರು. ಇದನ್ನೇ ಕಾರಣ ಮಾಡಿ ಬೇಡವೆನ್ನುತ್ತಾರೇನೋ ಎಂದು ಹೊರಗೆ ಬಂದು ಬೆವರಿದೆ. ಒಪ್ಪಿಗೆ ಕೊಟ್ಟರು.

ಪ್ರಿಯಾ ಫೋನಿನಲ್ಲಿ, "ಛಲೋ ಆತು ಪಪ್ಪಾ" ಎಂದಳು. ಹಾಸ್ಟೆಲಿಗೆ ಮರಳಿದ ಮೇಲೆ ತಾನಾಗಿ ನನಗೆ ಫೋನ್ ಮಾಡಿದ್ದು ಇದೇ ಮೊದಲು.

ಸೆಪ್ಟೆಂಬರ್ 11, ಬುಧವಾರ, ಬೆಳಗಾವಿ

ನಾಳೆ ಬೆಳಿಗ್ಗೆ. ಕೈಗೆ ಹೆಸರಿನ ಪಟ್ಟಿ ಕಟ್ಟಿದ್ದಾರೆ. ಮಧ್ಯಾಹ್ನ ಎಲ್ಲರೂ ಅವಳ ಕೋಣೆಯಲ್ಲಿದ್ದೆವು. ಯಶೋಧಾ, "ಏನೂ ಆಗಂಗಿಲ್ಲ, ಇಬ್ಬರೂ ನಕ್ಕೋತ ಬರ್ತೀರಿ" ಎಂದರು. ವಿಜಯಶ್ರೀ ಅಕ್ಕನ ಕೈ ಹಿಡಿದು, "ಆಗಬಹುದಕ್ಕಾ. ಸುಮ್ಮ ನನ್ನ ಬಾಜೂಕ ಕುಂದ್ರು" ಎಂದಳು. ಯಶೋಧಾ ಕುಳಿತರು. ಆಮೇಲೆ ಅಳಲು ಶುರು ಮಾಡಿದರು. ಅವರು ಅತ್ತದ್ದನ್ನು ನಾನು ಈ ವರ್ಷ ನೋಡಿಯೇ ಇರಲಿಲ್ಲ.

ಅಣ್ಣನ ವಿಷಯ ಪ್ರಿಯಾಗೆ ಮೊದಲ ಸಲ ಪೂರ್ತಿ ಹೇಳಿದೆ. ನನ್ನ ವಾಚು ಬಿಚ್ಚಿ ಅವಳ ಕೈಗೆ ನಾನೇ ಕೊಟ್ಟೆ. ಅವಳು ಅದನ್ನು ಕಟ್ಟಿಕೊಂಡಳು.

ಬರೆಯಲು ಇನ್ನೇನೂ ಇಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಎಡ ಪಕ್ಕೆಯಲ್ಲಿ ಹೊಲಿಗೆ. ನನ್ನದು ಅವಳಲ್ಲಿ ಕೆಲಸ ಶುರು ಮಾಡಿದೆ, ಮೂತ್ರ ಬರುತ್ತಿದೆ ಎಂದು ಡಾಕ್ಟರು ಹೇಳಿದರು. ಮುಂದಿನ ಮೂರು ತಿಂಗಳು ಎಚ್ಚರದಿಂದಿರಬೇಕು, ಈಗಲೇ ಏನನ್ನೂ ಹೇಳಲಾಗದು ಎಂದೂ ಹೇಳಿದರು.

ಇವತ್ತು ಅವಳನ್ನು ನೋಡಲು ಬಿಟ್ಟರು. ಬಾಯಿಗೆ ಮಾಸ್ಕು, ಮೈಗೆ ಹಸಿರು ಅಂಗಿ. ಗೋಡೆ ಹಿಡಿದು ನಡೆದೆ. ಅವಳ ಮುಖದ ಬಾವು ಇಳಿದಿತ್ತು, ಹಳೆಯ ಮೂಗು ಕಾಣುತ್ತಿತ್ತು. ಸ್ಟೂಲಿನ ಮೇಲೆ ಕೂರಲು ನನಗೆ ಬಹಳ ಹೊತ್ತು ಹಿಡಿಯಿತು. ಅವಳು ನೋಡುತ್ತಿದ್ದಳು.

"ನೋವೈತೇನು ನಿನಗ?"

"ಐತಿ."

"ಭಾಳ?"

"ಭಾಳ. ಕೆಮ್ಮಿದ್ರ ಜೀವಾ ಹೋದಂಗ ಆಕೈತಿ."

"ನನಗೂ" ಎಂದಳು.

ಹೊತ್ತಾಯಿತು, ಏಳಿ ಎಂದು ನರ್ಸ್ ಬಾಗಿಲಿಗೆ ಬಂದರು. ವಿಜಯಶ್ರೀ ಮುಖವನ್ನು ನನ್ನ ಕಡೆಗೇ ಇಟ್ಟುಕೊಂಡು, "ಇನ್ನೊಂದೈದ್ ಮಿನಿಟ್ ಕುಂದ್ರಲಿ ಬಿಡ್ರಿ ಸಿಸ್ಟರ್. ಏಳಾಕ ಆಗವಲ್ದು ಅವಂಗ" ಎಂದಳು.

ಕುಳಿತೆ.